ಜೆಸಿಬಿಗೂ ಮೊದಲು ನೆಲ ಬಗೆದ ಹಗ್ಗದ ಯಂತ್ರ

ನಮ್ಮ ಕಡೆ ಮಣ್ಣು ಅಗೆಯುವ ಯಂತ್ರ ಯಾವ ಕಂಪನಿಯದ್ದೇ ಇರಲಿ, ಅದರ ಹೆಸರು ಜೆಸಿಬಿ. ಜೋಸೆಫ್ ಸಿರಿಲ್ ಬ್ಯಾಮ್‌ಫೋರ್ಡ್ ಎಂಬ ಇಂಗ್ಲೆಂಡಿನ ಉದ್ಯಮಿಯ ಹೆಸರಿನ ಮೊದಲಕ್ಷರಗಳು ಹೀಗೆ ಯಂತ್ರದ ಹೆಸರಾಗಿವೆ. ಅದೇ ಇಂಗ್ಲೆಂಡಿನಲ್ಲಿ ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲು ಇದರ ಉಲ್ಟಾ ನಡೆದಿತ್ತು. ಕಾಲುವೆ, ರೈಲು ಹಳಿಗಾಗಿ ಗುದ್ದಲಿ ಹಿಡಿದು ನೆಲ ಅಗೆಯುತ್ತಿದ್ದ ಕೂಲಿಕಾರರನ್ನು ಅಲ್ಲಿ ‘ನ್ಯಾವಿ’ ಎನ್ನುತ್ತಿದ್ದರು. ಉಗಿಯಿಂದ ನಡೆಯುವ ಅಗೆಯುವ ಯಂತ್ರ ಬಂದಾಗ ಅದಕ್ಕೂ ಅವರ ಹೆಸರನ್ನೇ ಇಟ್ಟರು: ‘ಸ್ಟೀಮ್ ನ್ಯಾವಿ’.

ಆ ಯಂತ್ರ ತಯಾರಾದದ್ದು ಲಿಂಕನ್ ಎಂಬ ಊರಿನಲ್ಲಿ. ಮೆಕ್ಯಾನಿಕಲ್ ಬಿ.ಇ. ಓದುತ್ತಿರುವ ನನಗೆ ಆ ಕಂಪನಿಯ ಕಥೆ ಯಾವ ಪಠ್ಯಪುಸ್ತಕಕ್ಕಿಂತಲೂ ಹೆಚ್ಚು ಹಿಡಿಸಿದೆ. ‘ಮೆಕ್ಯಾನಿಕಲ್ ತಗೊಂಡು ಏನು ಮಾಡ್ತೀಯಾ?’ ಎಂದು ಕೇಳಿಸಿಕೊಳ್ಳದ ದಿನವಿಲ್ಲದ್ದರಿಂದ ಅದು ಸ್ವಲ್ಪ ಕಾಡಿದೆ ಕೂಡ.

1857ರಲ್ಲಿ ಜೋಸೆಫ್ ರಸ್ಟನ್ ಎಂಬ ಯುವಕ ಲಿಂಕನ್‌ನ ಬರ್ಟನ್ ಮತ್ತು ಪ್ರಾಕ್ಟರ್ ಎಂಬ ಸಣ್ಣ ಕಂಪನಿಗೆ ಪಾಲುದಾರರಾಗಿ ಸೇರಿದರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. ಆರ್ಡರ್ ಬರುವ ಮೊದಲೇ ಯಂತ್ರಗಳನ್ನು ಮಾಡಿಟ್ಟುಕೊಳ್ಳೋಣ, ಗಿರಾಕಿ ಬಂದ ಕೂಡಲೇ ಕೊಡಬಹುದು ಎಂಬುದು ರಸ್ಟನ್ ವಾದ. ಬರ್ಟನ್‌ಗೆ ಇದು ಜೂಜಿನಂತೆ ಕಂಡಿತು. ಸ್ವಲ್ಪ ದಿನಗಳಲ್ಲೇ ಅವರು ಕಂಪನಿ ಬಿಟ್ಟರು. ಉಳಿದದ್ದು ‘ರಸ್ಟನ್, ಪ್ರಾಕ್ಟರ್ ಅಂಡ್ ಕಂಪನಿ’. ಜೇಮ್ಸ್ ಡನ್‌ಬಾರ್ ಎಂಬ ಎಂಜಿನಿಯರ್ ರೂಪಿಸಿದ ಸ್ಟೀಮ್ ನ್ಯಾವಿಯನ್ನು 1870ರ ದಶಕದ ಮಧ್ಯದಲ್ಲಿ ತಯಾರಿಸಿದ್ದು ಇದೇ ಕಂಪನಿ.

ಹಳಿಯ ಮೇಲೆ ನಿಲ್ಲುತ್ತಿದ್ದ ಆ ಯಂತ್ರವನ್ನು ಒಬ್ಬರೇ ನಡೆಸಲು ಆಗುತ್ತಿರಲಿಲ್ಲ. ಚಾಲಕ ಒಬ್ಬ, ಬಕೆಟ್‌ನ ತೋಳನ್ನು ಹಿಂದೆ ಮುಂದೆ ಸರಿಸುವವ ಇನ್ನೊಬ್ಬ, ಬಾಯ್ಲರ್‌ಗೆ ಕಲ್ಲಿದ್ದಲು ಹಾಕುವವ ಮತ್ತೊಬ್ಬ. ಯಂತ್ರ ಮುಂದೆ ಹೋಗಬೇಕೆಂದರೆ ಅದರ ಮುಂದೆ ಹಳಿ ಹಾಸಲು ಮತ್ತಷ್ಟು ಕೂಲಿಕಾರರು ಬೇಕು. 1887ರಿಂದ 1894ರವರೆಗೆ ಮ್ಯಾಂಚೆಸ್ಟರ್ ಹಡಗು ಕಾಲುವೆ ತೋಡಿದಾಗ ಇಂಥ ಹತ್ತಾರು ಯಂತ್ರಗಳು ದುಡಿದವು. ಪಕ್ಕದಲ್ಲೇ ಸಾವಿರಾರು ನ್ಯಾವಿಗಳೂ ದುಡಿದರು.

1918ರಲ್ಲಿ ಕಂಪನಿ ‘ರಸ್ಟನ್ ಅಂಡ್ ಹಾರ್ನ್ಸ್‌ಬಿ’ ಆಯಿತು. 1930ರಲ್ಲಿ ಅದರ ಅಗೆಯುವ ಯಂತ್ರಗಳ ವಿಭಾಗ ಅಮೆರಿಕದ ಬ್ಯುಸೈರಸ್-ಈರಿ ಜೊತೆ ಕೈಜೋಡಿಸಿ ‘ರಸ್ಟನ್-ಬ್ಯುಸೈರಸ್’ ಹುಟ್ಟಿತು. ಯುದ್ಧಕಾಲದಲ್ಲಿ ಇದೇ ಕಂಪನಿ ಒಂದು ವಿಚಿತ್ರ ಯಂತ್ರವನ್ನೂ ಕಟ್ಟಿತು. ಶತ್ರುವಿನ ಸಾಲಿನವರೆಗೆ ಕಂದಕ ತೋಡುತ್ತಾ ಸಾಗುವ, ಸುಮಾರು 23 ಮೀಟರ್ ಉದ್ದ, 130 ಟನ್ ತೂಕದ ‘ನೆಲ್ಲಿ’. ಅದರ ಹಿಂದಿದ್ದದ್ದು ಚರ್ಚಿಲ್. 1940ರಲ್ಲಿ ಫ್ರಾನ್ಸ್ ಸೋತಿತು. ಕಂದಕದ ಯುದ್ಧದ ಕಾಲವೇ ಮುಗಿದುಹೋಯಿತು. ಕೆಲವೇ ಯಂತ್ರಗಳು ತಯಾರಾದವು, ಒಂದೂ ರಣರಂಗ ಕಾಣಲಿಲ್ಲ.

ಕಂಪನಿಗೆ ನಿಜವಾದ ಹೆಸರು ತಂದದ್ದು 10-ಆರ್‌ಬಿ, 19-ಆರ್‌ಬಿ, 22-ಆರ್‌ಬಿಯಂಥ ಯಂತ್ರಗಳು. ಇವುಗಳಲ್ಲಿ ಎಲ್ಲವೂ ಉಕ್ಕಿನ ಹಗ್ಗದ ಮೇಲೆ ನಡೆಯುತ್ತಿತ್ತು. ಮುಂಭಾಗ ಬದಲಿಸಿದರೆ ಅದೇ ಯಂತ್ರ ಒಮ್ಮೆ ಸಲಿಕೆ, ಒಮ್ಮೆ ಕ್ರೇನ್, ಒಮ್ಮೆ ಡ್ರ್ಯಾಗ್‌ಲೈನ್. ಡ್ರ್ಯಾಗ್‌ಲೈನ್ ಕೆಲಸ ನೋಡಿದರೆ ನಮ್ಮ ಹೊಳೆಯ ಬೀಸುಬಲೆ ನೆನಪಾಗುತ್ತದೆ. ಉದ್ದ ತೋಳಿನ ತುದಿಗೆ ಒಂದು ಹಗ್ಗದಲ್ಲಿ ಬಕೆಟ್ ತೂಗಾಡುತ್ತದೆ. ಚಾಲಕ ಯಂತ್ರವನ್ನು ತಿರುಗಿಸುತ್ತಾ ಅದನ್ನು ದೂರಕ್ಕೆ ಬೀಸುತ್ತಾನೆ, ಮತ್ತೊಂದು ಹಗ್ಗದಿಂದ ಮಣ್ಣು ಕೆರೆದುಕೊಂಡು ತನ್ನತ್ತ ಎಳೆಯುತ್ತಾನೆ. ಕೈಯಲ್ಲಿ ಕ್ಲಚ್‌ನ ಲಿವರ್, ಕಾಲಲ್ಲಿ ಬ್ರೇಕ್. ಬ್ರೇಕ್ ಕ್ಷಣ ತಡವಾದರೂ ಹಗ್ಗ ಡ್ರಮ್ಮಿನಲ್ಲಿ ಗೋಜಲಾಗುತ್ತದೆ. ಇದನ್ನು ಕೈಗೆ ಹತ್ತಿಸಿಕೊಳ್ಳಲು ವರ್ಷಗಳೇ ಬೇಕು.

ಇಷ್ಟು ಗಟ್ಟಿಯಾದ ಯಂತ್ರ ಯಾಕೆ ಸೋತಿತು? ಉತ್ತರ ನಮ್ಮ ಪಿಯುಸಿ ಭೌತಶಾಸ್ತ್ರದಲ್ಲೇ ಇದೆ. ಹಗ್ಗದಿಂದ ಎಳೆಯಬಹುದು, ತಳ್ಳಲಾಗದು. ತಳ್ಳಬೇಕೆಂದರೆ ಅದಕ್ಕೆ ಬೇರೆಯೇ ಏರ್ಪಾಡು ಬೇಕು. ಪಾಸ್ಕಲ್ ನಿಯಮದಂತೆ ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಸಿಲಿಂಡರ್ ಎಳೆಯುತ್ತದೆ, ತಳ್ಳುತ್ತದೆ, ಬಕೆಟ್ಟಿನ ಹಲ್ಲನ್ನು ನೆಲಕ್ಕೆ ಒತ್ತಿಯೂ ಹಿಡಿಯುತ್ತದೆ. 1953ರಲ್ಲಿ ಬ್ಯಾಮ್‌ಫೋರ್ಡ್ ತಮ್ಮ ಮೊದಲ ಬ್ಯಾಕ್‌ಹೋ ಲೋಡರ್ ತಂದರು. ಮುಂದಿನ ಎರಡು ದಶಕಗಳಲ್ಲಿ ಸಾಮಾನ್ಯ ಅಗೆತದ ಕೆಲಸ ಹೈಡ್ರಾಲಿಕ್ ಪಾಲಾಯಿತು. ರಸ್ಟನ್-ಬ್ಯುಸೈರಸ್ ಕೂಡ ಹೈಡ್ರಾಲಿಕ್ ಯಂತ್ರ ಮಾಡಿತು. ಆದರೆ ಅಷ್ಟರಲ್ಲಿ ಮಾರುಕಟ್ಟೆ ಬೇರೆಯವರದ್ದಾಗಿತ್ತು. ಕಂಪನಿ ಕೈಯಿಂದ ಕೈಗೆ ಹೋಯಿತು. ಇಂದು ಲಿಂಕನ್‌ನಲ್ಲಿ ಆರ್‌ಬಿ ಯಂತ್ರ ತಯಾರಾಗುವುದಿಲ್ಲ. ಆರ್ಡರ್ ಬರುವ ಮೊದಲೇ ಯಂತ್ರ ಮಾಡುವ ಧೈರ್ಯದಿಂದ ಬೆಳೆದ ಮನೆತನ, ತಾನು ಚೆನ್ನಾಗಿ ಬಲ್ಲ ಹಗ್ಗವನ್ನು ಬಿಡಲು ತಡಮಾಡಿತು ಎಂದು ನನಗನ್ನಿಸುತ್ತದೆ.

ಹಾಗೆಂದು ಕಲಿತದ್ದು ಮಣ್ಣಾಗಲಿಲ್ಲ. ದೊಡ್ಡ ಕಲ್ಲಿದ್ದಲು ಗಣಿಗಳಲ್ಲಿ ಡ್ರ್ಯಾಗ್‌ಲೈನ್ ಇಂದಿಗೂ ಬೇಕು. ಕ್ರೇನ್‌ಗಳು ಇಂದಿಗೂ ಹಗ್ಗವನ್ನೇ ನಂಬಿವೆ. ಮಾತೃಸಂಸ್ಥೆ ರಸ್ಟನ್ ಅಂಡ್ ಹಾರ್ನ್ಸ್‌ಬಿ 1940ರ ದಶಕದಲ್ಲಿ ಶುರು ಮಾಡಿದ ಗ್ಯಾಸ್ ಟರ್ಬೈನ್ ಕೆಲಸ ಇಂದು ಅದೇ ಲಿಂಕನ್‌ನಲ್ಲಿ ಸೀಮೆನ್ಸ್ ಎನರ್ಜಿ ಹೆಸರಿನಲ್ಲಿ ನಡೆಯುತ್ತಿದೆ. ಒಂದೇ ಊರು, ಒಂದೇ ಮೂಲ. ಒಂದು ಕೊಂಬೆ ಒಣಗಿತು, ಇನ್ನೊಂದು ಚಿಗುರಿತು.

1909ರಲ್ಲಿ ತಯಾರಾದ ಒಂದು ಸ್ಟೀಮ್ ನ್ಯಾವಿ ಬೆಡ್‌ಫರ್ಡ್‌ಶೈರ್‌ನ ಆರ್ಲ್ಸಿಯ ಸುಣ್ಣಕಲ್ಲಿನ ಗುಂಡಿಯಲ್ಲಿ ನೀರಿನಡಿ ದಶಕಗಳ ಕಾಲ ಮುಳುಗಿತ್ತು. 1977ರಲ್ಲಿ ಅದನ್ನು ಮೇಲೆತ್ತಿದರು. ಕಂಬ್ರಿಯಾದ ಥ್ರೆಲ್ಕೆಲ್ಡ್ ಕ್ವಾರಿ ಮ್ಯೂಸಿಯಂನಲ್ಲಿ ಸ್ವಯಂಸೇವಕರು ತುಕ್ಕು ಕೆರೆದು, ಭಾಗಗಳನ್ನು ಸರಿಮಾಡಿ ಅದಕ್ಕೆ ಮತ್ತೆ ಉಗಿ ತುಂಬಿದರು. ಮಾಡಿದವರ ಲೆಕ್ಕಾಚಾರ ಸರಿಯಿದ್ದರೆ ನೂರು ವರ್ಷದ ನಂತರವೂ ಯಂತ್ರ ಮಾತು ಕೇಳುತ್ತದೆ.

ಪ್ಲೇಸ್‌ಮೆಂಟ್‌ಗೆ ತಯಾರಾಗುತ್ತಿರುವ ಗೆಳೆಯರಿಗೆ ನಾನು ಹೇಳುವುದಿಷ್ಟೇ. ಇಂದು ನಾವು ಕಲಿಯುತ್ತಿರುವ ಸಾಫ್ಟ್‌ವೇರೋ ಯಂತ್ರವೋ ಒಂದು ದಿನ ‘ಹಗ್ಗ’ ಆಗಿಯೇ ಆಗುತ್ತದೆ. ಅದನ್ನು ಚೆನ್ನಾಗಿಯೇ ಕಲಿಯೋಣ. ಜೊತೆಗೆ ಹಗ್ಗ ಯಾಕೆ ತಳ್ಳಲಾರದು ಎಂಬುದನ್ನೂ ತಿಳಿದುಕೊಳ್ಳೋಣ. ಅಷ್ಟು ತಿಳಿದವನಿಗೆ ಮುಂದಿನ ಲಿವರ್ ಹಿಡಿಯುವುದು ಕಷ್ಟವಾಗದು.