ವಿಜಯನಗರದ ಸ್ಪರ್ಧಾರ್ಥಿಗಳು ಮತ್ತು ಇಂಗ್ಲಿಷ್ ಪದಸಂಪತ್ತು

ಬೆಂಗಳೂರಿನ ವಿಜಯನಗರ ಮತ್ತು ಅದಕ್ಕೆ ಹೊಂದಿಕೊಂಡ ಹಂಪಿನಗರ, ಅತ್ತಿಗುಪ್ಪೆ, ಚಂದ್ರಾ ಬಡಾವಣೆಗಳು ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಯ ದೊಡ್ಡ ಕೇಂದ್ರವಾಗಿ ಬೆಳೆದಿದ್ದು, ದೂರದ ಜಿಲ್ಲೆಗಳ ಪದವೀಧರರು ಇಲ್ಲಿನ ಪಿಜಿಗಳಲ್ಲಿ ತಂಗಿ, ಕೋಚಿಂಗ್ ತರಗತಿಗಳಲ್ಲಿಯೂ ಹಂಪಿನಗರದ ಸಾರ್ವಜನಿಕ ಗ್ರಂಥಾಲಯದಲ್ಲಿಯೂ ದಿನವಿಡೀ ಓದುತ್ತಾರೆ. ಅವರಲ್ಲಿ ಅನೇಕರು ಕನ್ನಡ ಮಾಧ್ಯಮದಿಂದ ಬಂದವರು. ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಕಲಿಕೆ ಆರಂಭವಾದದ್ದು 2007ರಲ್ಲಾದ್ದರಿಂದ, ಅದಕ್ಕೂ ಮೊದಲು ಶಾಲೆ ಸೇರಿದವರಿಗೆ ಆ ಭಾಷೆ ತಡವಾಗಿಯೇ ದೊರೆಯಿತು.

ಪರೀಕ್ಷೆಗಳು ಈ ವ್ಯತ್ಯಾಸವನ್ನು ಲೆಕ್ಕಿಸುವುದಿಲ್ಲ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ 300 ಅಂಕಗಳ ಕಡ್ಡಾಯ ಇಂಗ್ಲಿಷ್ ಪತ್ರಿಕೆಯಿದ್ದು, ಅದರಲ್ಲಿ ಶೇ. 25ರಷ್ಟು ಅಂಕ ಗಳಿಸದವರ ಉಳಿದ ಪತ್ರಿಕೆಗಳ ಅಂಕಗಳು ಎಣಿಕೆಗೇ ಬರುವುದಿಲ್ಲ. ಸಿಬ್ಬಂದಿ ನೇಮಕಾತಿ ಆಯೋಗದ ಪದವಿ ಮಟ್ಟದ ಪರೀಕ್ಷೆಯ ಎರಡನೆಯ ಹಂತದಲ್ಲಿಯಂತೂ ಇಂಗ್ಲಿಷಿನ 45 ಪ್ರಶ್ನೆಗಳಿಗೆ 135 ಅಂಕಗಳಿವೆ. ಸಮಾನಾರ್ಥಕ, ವಿರುದ್ಧಾರ್ಥಕ, ನುಡಿಗಟ್ಟು, ಬಿಟ್ಟಸ್ಥಳ ತುಂಬುವುದು ಎಂಬ ಹಲವು ರೂಪಗಳಲ್ಲಿ ಅಲ್ಲಿ ಪದಜ್ಞಾನವೇ ಪರೀಕ್ಷೆಗೊಳಗಾಗುತ್ತದೆ.

ಇದಕ್ಕೆ ಸಾಮಾನ್ಯವಾಗಿ ಹುಡುಕಿಕೊಳ್ಳುವ ದಾರಿಯೆಂದರೆ ಸಾವಿರಾರು ಪದಗಳ ಪಟ್ಟಿಯನ್ನು ಜೆರಾಕ್ಸ್ ಮಾಡಿಸಿ ಉರುಹೊಡೆಯುವುದು. ಶ್ರಮಕ್ಕೆ ಇದರಲ್ಲಿ ಕೊರತೆಯಿಲ್ಲ, ಆದರೆ ಫಲ ಅಲ್ಪ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಸ್ಮೃತಿಯ ಅಧ್ಯಯನದಲ್ಲಿ, ಅರ್ಥಸಂಬಂಧವಿಲ್ಲದೆ ಕಂಠಪಾಠ ಮಾಡಿದ್ದರಲ್ಲಿ ಬಹುಭಾಗವು ಮೊದಲ ದಿನದೊಳಗೇ ಮರೆತುಹೋಗುತ್ತದೆಂದೂ, ದಿನಗಳ ಅಂತರದಲ್ಲಿ ಹಂಚಿಕೊಂಡು ಓದಿದ್ದು ಹೆಚ್ಚು ನಿಲ್ಲುತ್ತದೆಂದೂ ತೋರಿಸಿದನು. ಆದ್ದರಿಂದ ಒಂದೇ ರಾತ್ರಿ ನೂರು ಪದಗಳನ್ನು ಓದುವುದಕ್ಕಿಂತ ಹತ್ತು ಪದಗಳನ್ನು ಮರುದಿನ, ಮೂರು ದಿನಗಳ ನಂತರ, ವಾರದ ನಂತರ ಅರ್ಥವನ್ನು ಮುಚ್ಚಿಟ್ಟು ನೆನಪಿಸಿಕೊಳ್ಳುವುದು ಲೇಸು.

ಪದಗಳನ್ನು ಒಂಟಿಯಾಗಿ ಕಲಿಯದೆ ಕುಲದೊಡನೆ ಕಲಿಯುವುದು ಎರಡನೆಯ ದಾರಿಯಾಗಿದ್ದು, ಇಲ್ಲಿ ಕನ್ನಡ ಬಲ್ಲವರಿಗೆ ಅನುಕೂಲವೇ ಇದೆ. ‘ಹಾರ’ ಎಂಬುದಕ್ಕೆ ಉಪಸರ್ಗ, ಅಂದರೆ ಪದದ ಆರಂಭದಲ್ಲಿ ಸೇರಿ ಅರ್ಥವನ್ನು ತಿರುಗಿಸುವ ಅಂಶ, ಸೇರಿದಾಗ ಆಹಾರ, ವಿಹಾರ, ಸಂಹಾರ, ಪರಿಹಾರಗಳಾಗುವುದನ್ನು ಬಲ್ಲವರಿಗೆ, ನೋಡು ಎಂಬರ್ಥದ ಲ್ಯಾಟಿನ್ ಮೂಲದ ‘ಸ್ಪೆಕ್ಟ್’ ಎಂಬುದರಿಂದ ಇನ್‌ಸ್ಪೆಕ್ಟ್, ಪ್ರಾಸ್ಪೆಕ್ಟ್, ಸರ್ಕಮ್‌ಸ್ಪೆಕ್ಟ್ ಹುಟ್ಟುವ ಬಗೆ ಹೊಸದೆನಿಸದು. ಸುತ್ತಲೂ ನೋಡಿ ನಡೆಯುವವನೇ ಸರ್ಕಮ್‌ಸ್ಪೆಕ್ಟ್, ಎಂದರೆ ಎಚ್ಚರಿಕೆಯುಳ್ಳವನು. ಆದರೂ ಈ ಸುಳಿವನ್ನು ಕುರುಡಾಗಿ ನಂಬಲಾಗದು. ‘ಇನ್’ ಎಂಬುದು ಇನ್‌ವಿಸಿಬಲ್‌ನಲ್ಲಿ ನಿಷೇಧವನ್ನು ಸೂಚಿಸಿದರೆ, ಇನ್‌ಫ್ಲೇಮಬಲ್ ಎಂದರೆ ಸುಲಭವಾಗಿ ಹೊತ್ತಿಕೊಳ್ಳುವುದೆಂದೇ ಅರ್ಥ.

ಅರ್ಥ ತಿಳಿದ ಮಾತ್ರಕ್ಕೆ ಪದ ಕೈಗೆ ಬಂದಂತಲ್ಲ. ಪ್ರತಿ ಪದಕ್ಕೂ ರೂಢಿಯಿಂದ ಜೊತೆಯಾಗುವ ಪದಗಳಿದ್ದು, ಭಾಷಾಶಾಸ್ತ್ರಜ್ಞರು ಸಹಪ್ರಯೋಗವೆಂದು ಕರೆಯುವ ಇದನ್ನು ಪಟ್ಟಿಗಳು ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ಒಂದು ವಿಷಯದ ‘ಬಗ್ಗೆ’ ಚರ್ಚಿಸುವುದು ಸಹಜವಾದ್ದರಿಂದ ‘ಡಿಸ್ಕಸ್ ಅಬೌಟ್’ ಎಂದು ಬರೆಯುವ ಅಭ್ಯಾಸ ಬೆಳೆದಿದೆ. ಇಂಗ್ಲಿಷಿನಲ್ಲಿ ‘ಡಿಸ್ಕಸ್’ ಎಂಬುದರ ನಂತರ ನೇರವಾಗಿ ವಿಷಯವೇ ಬರಬೇಕು. ತಪ್ಪು ಗುರುತಿಸುವ ಪ್ರಶ್ನೆಗಳು ಹುಟ್ಟಿಕೊಳ್ಳುವುದು ಇಂಥ ಕಡೆಯೇ. 1946ರಲ್ಲಿ ಹೊರಬಂದ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನಂಥ ಗ್ರಂಥಗಳು ಒಂದೇ ಪದದ ಹಲವು ಅರ್ಥಚ್ಛಾಯೆಗಳನ್ನು ಬಿಡಿಸಿ ತೋರಿಸುತ್ತವೆಯಾದರೂ, ಸಹಪ್ರಯೋಗ ಮನಸ್ಸಿಗಿಳಿಯುವುದು ಪತ್ರಿಕೆಯ ಸಂಪಾದಕೀಯವನ್ನು ದಿನವೂ ಓದಿ, ಅದರ ಸಾರವನ್ನು ಮೂರನೆಯ ಒಂದು ಭಾಗಕ್ಕೆ ಇಳಿಸಿ ಬರೆದಾಗ. ಹಾಗೆ ಬರೆಯುವುದೇ ಕಡ್ಡಾಯ ಪತ್ರಿಕೆಯ 75 ಅಂಕಗಳ ಸಂಕ್ಷೇಪ ಲೇಖನಕ್ಕೂ ತಯಾರಿಯಾಗುವುದರಿಂದ, ಪಟ್ಟಿಯನ್ನು ಓದಿಸಲು ಕಳೆಯುವ ತರಗತಿಯ ಹೊತ್ತನ್ನು ಕೋಚಿಂಗ್ ಕೇಂದ್ರಗಳು ಬರೆಸುವುದಕ್ಕೂ ತಿದ್ದುವುದಕ್ಕೂ ಮೀಸಲಿಡಬೇಕು.