ಕರೆದರೂ ಬಾರದವರು ಸೊಕ್ಕಿನವರಾ?

ಮದುವೆಗೆ ಕರೆದರೆ ‘ಬಂದೇ ಬರ್ತೀನಿ’ ಅಂತಾನೆ. ಶರ್ಟ್ ಇಸ್ತ್ರಿ ಮಾಡಿ, ಗೇಟಿನವರೆಗೂ ಹೋಗಿ, ವಾಪಸ್ ಬಂದು ‘ಜ್ವರ’ ಅಂತ ಮೆಸೇಜ್ ಹಾಕ್ತಾನೆ. ಸೊಕ್ಕು ಅಂದುಕೊಂಡ್ರಾ? ಅವನಿಗೂ ಜನ ಬೇಕು. ಆದರೆ ‘ನನ್ನ ನೋಡಿ ನಕ್ಕುಬಿಟ್ಟರೆ?’ ಅನ್ನೋ ಭಯ ಆ ಆಸೆಗಿಂತ ದೊಡ್ಡದು. ಇದೇ ಭಯಕ್ಕೆ ಬಡ್ತಿಯನ್ನೂ ಬೇಡ ಅನ್ನುವವರಿದ್ದಾರೆ.

ಹರೆಯದಲ್ಲೇ ಬೇರೂರಿ, ಕೆಲಸ, ಸ್ನೇಹ, ಸಂಬಂಧ ಎಲ್ಲದರಲ್ಲೂ ಹೀಗೇ ಆದರೆ ಅದು ಅವಾಯ್ಡೆಂಟ್ ಪರ್ಸನಾಲಿಟಿ ಡಿಸಾರ್ಡರ್ ಇರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂಗೆ ಇದು ಸೇರಿದ್ದು 1980ರಲ್ಲಿ. 7 ಲಕ್ಷಣಗಳಲ್ಲಿ ಕನಿಷ್ಠ 4 ಇರಬೇಕು. ಬರೀ ನಾಚಿಕೆ ಸಾಲದು.

ಇದೂ ಸೇರಿ, ಆತಂಕವೇ ತಳಹದಿಯಾದ ಪರ್ಸನಾಲಿಟಿ ಡಿಸಾರ್ಡರ್‌ಗಳ ಗುಂಪಿಗೆ ಕ್ಲಸ್ಟರ್ ಸಿ ಅಂತಾರೆ. ಇದರಲ್ಲಿ ಡಿಪೆಂಡೆಂಟ್ ಅನ್ನೋದೂ ಒಂದು: ಸಣ್ಣಪುಟ್ಟ ತೀರ್ಮಾನಕ್ಕೂ ಇನ್ನೊಬ್ಬರ ಒಪ್ಪಿಗೆ ಬೇಕು. ನಮ್ಮ ಮನೆಗಳಲ್ಲಿ ಇದಕ್ಕೆ ‘ಎಷ್ಟು ವಿಧೇಯಳು’ ಅಂತ ಹೊಗಳಿಕೆ ಬೇರೆ!

ಇದೇ ಗುಂಪಿನ ಇನ್ನೊಂದು ಓಸಿಪಿಡಿ, ಅಂದರೆ ಒಬ್ಸೆಸಿವ್ ಕಂಪಲ್ಸಿವ್ ಪರ್ಸನಾಲಿಟಿ ಡಿಸಾರ್ಡರ್. ಪದೇಪದೇ ಕೈ ತೊಳೆಸೋ ಓಸಿಡಿ ಅಲ್ಲ ಇದು. ಓಸಿಡಿಯವರಿಗೆ ಸಾಮಾನ್ಯವಾಗಿ ತಮ್ಮ ಯೋಚನೆಯೇ ಹಿಂಸೆ. ಓಸಿಪಿಡಿಯವರಿಗೆ ತಾವೇ ಸರಿ, ಲೋಕವೇ ಅಶಿಸ್ತು. ರಿಪೋರ್ಟಿನ ಮಾರ್ಜಿನ್ ತಿದ್ದುತ್ತಾ ತಿದ್ದುತ್ತಾ ಗಡುವನ್ನೇ ದಾಟಿಸಿಬಿಡ್ತಾರೆ.

ಸ್ವಭಾವ ಬದಲಿಸೋ ಮಾತ್ರೆ ಇಲ್ಲ. ಮುಖ್ಯ ಚಿಕಿತ್ಸೆ ಸೈಕೋಥೆರಪಿ. ಜೊತೆಗೆ ಖಿನ್ನತೆ, ಆತಂಕ ಇದ್ದರೆ ಅದಕ್ಕೆ ಔಷಧಿ. ಈ ರೀಲ್ ನೋಡಿ ನಿಮ್ಮ ಮಾವನಿಗೆ ಕಾಯಿಲೆ ಹಚ್ಚಬೇಡಿ, ಆ ಕೆಲಸ ಮನೋವೈದ್ಯರದ್ದು. ಮೊದಲು ಯಾರ ಹತ್ರಾನಾದ್ರೂ ಮಾತಾಡಬೇಕು ಅನಿಸಿದರೆ ಟೆಲಿ ಮಾನಸ್ 14416. ಉಚಿತ, ದಿನದ 24 ಗಂಟೆಯೂ, ಕನ್ನಡದಲ್ಲೇ ಮಾತಾಡಬಹುದು.