ಮರಿ ಮಾಡೋ ಮಷಿನ್‌ನಲ್ಲಿ ತೇವಾಂಶ: ಮೀಟರ್ ನೋಡಿ, ಆದ್ರೆ ಮೊಟ್ಟೆ ತೂಗಿ



ಈಚೆಗೆ ನನಗೆ ಬರ್ತಿರೋ ಫೋನ್‌ಗಳಲ್ಲಿ ಹೆಚ್ಚಿನವು ಒಂದೇ ಥರದ್ದು. "ಸರ್, 18ನೇ ದಿನ ಟಾರ್ಚ್ ಹಿಡಿದು ನೋಡಿದಾಗ ಮರಿ ಅಲ್ಲಾಡ್ತಿತ್ತು. 22 ದಿನ ಆದ್ರೂ ಹೊರಗೆ ಬರ್ಲಿಲ್ಲ. ಒಡೆದು ನೋಡಿದ್ರೆ ಪೂರ್ತಿ ಬೆಳೆದ ಮರಿ, ಒಳಗೇ ಸತ್ತಿದೆ." ಊರೂರು ಸುತ್ತಿ ತಂದ ನಾಟಿ ಕೋಳಿ ಮೊಟ್ಟೆ, ಮೂರು ವಾರದ ಕರೆಂಟು, ಕಾದಿದ್ದು ಎಲ್ಲ ಹೋಯ್ತು ಅಂದ್ರೆ ಯಾರಿಗಾದ್ರೂ ಹೊಟ್ಟೆ ಉರಿಯುತ್ತೆ. ಇದಕ್ಕೆ ಕಾರಣ ಹಲವು ಇರಬಹುದು: ಹಳೇ ಮೊಟ್ಟೆ, ಶಾಖದ ಏರಿಳಿತ, ಸರಿಯಾಗಿ ತಿರುಗಿಸದೇ ಇರೋದು, ತಾಯಿಕೋಳಿಗೆ ಒಳ್ಳೆ ಮೇವು ಸಿಗದೇ ಇರೋದು. ಆದರೆ ಮರಿ ಪೂರ್ತಿ ಬೆಳೆದು ಕೊನೇ ಗಳಿಗೆಯಲ್ಲಿ ಸೋತಿದ್ರೆ ನಾನು ಮೊದಲು ಕೇಳೋದು ತೇವಾಂಶದ ಬಗ್ಗೆ.

ಇಬ್ಬರು ಓದುಗರ ಉದಾಹರಣೆ ಕೊಡ್ತೀನಿ. ಒಬ್ಬರು ಸಿಂಧನೂರು ಕಡೆಯವರು, ಇನ್ನೊಬ್ಬರು ಪುತ್ತೂರಿನವರು. ಇಬ್ಬರದ್ದೂ ಒಂದೇ ಮಾದರಿ ಮಷಿನ್. ಅದರ ಜೊತೆ ಬಂದ ಚೀಟಿಯಲ್ಲಿ "ಮೊದಲ 18 ದಿನ ಒಂದು ತಟ್ಟೆ ನೀರು, ಆಮೇಲೆ ಎರಡು ತಟ್ಟೆ" ಅಂತ ಬರೆದಿತ್ತು. ಇಬ್ಬರೂ ಅದೇ ಪ್ರಕಾರ ಮಾಡಿದ್ರು, ಇಬ್ಬರದ್ದೂ ಮರಿ ಸತ್ತವು. ಸಿಂಧನೂರಿನವರ ಮರಿ ಒಣಗಿ, ಒಳಪೊರೆ ಕಾಗದದ ಹಾಗೆ ಮೈಗೆ ಅಂಟಿತ್ತು. ಪುತ್ತೂರಿನವರ ಮರಿ ಊದಿಕೊಂಡು, ಚಿಪ್ಪಿನೊಳಗೆ ನೀರು ನಿಂತಿತ್ತು. ಚೀಟಿ ಬರೆದವರಿಗೆ ಮಷಿನ್ ಗೊತ್ತಿತ್ತು, ಅದು ಹೋಗಿ ಕೂರೋ ಊರು ಗೊತ್ತಿರಲಿಲ್ಲ.

ಮೊಟ್ಟೆಯೊಳಗೆ ಏನಾಗುತ್ತೆ ನೋಡಿ. ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ತೂತುಗಳಿವೆ. ಅವುಗಳ ಮೂಲಕ ದಿನಾ ಸ್ವಲ್ಪ ಸ್ವಲ್ಪ ನೀರು ಆವಿಯಾಗಿ ಹೋಗುತ್ತೆ. ನೀರು ಹೋದಷ್ಟೂ ಮೊಟ್ಟೆಯ ದಪ್ಪ ತುದಿಯಲ್ಲಿರೋ ಗಾಳಿಚೀಲ ದೊಡ್ಡದಾಗುತ್ತೆ. 20ನೇ ದಿನದ ಹೊತ್ತಿಗೆ ಮರಿ ಕೊಕ್ಕಿನಿಂದ ಆ ಚೀಲ ಚುಚ್ಚಿ ಮೊದಲ ಉಸಿರು ತಗೊಳ್ಳುತ್ತೆ, ಆಮೇಲೆ ಚಿಪ್ಪು ಕುಕ್ಕೋಕೆ ಶುರು ಮಾಡುತ್ತೆ. ನೀರು ಕಡಿಮೆ ಹೋಗಿದ್ರೆ ಚೀಲ ಚಿಕ್ಕದು. ಉಸಿರಿಗೆ ಗಾಳಿ ಸಾಲಲ್ಲ, ತಲೆ ಹೊರಳಿಸೋಕೆ ಜಾಗವೂ ಇರಲ್ಲ. ಜಾಸ್ತಿ ಹೋಗಿದ್ರೆ ಮರಿ ಬಡಕಲಾಗಿ, ಒಣಗಿದ ಪೊರೆ ಹರಿಯೋ ಶಕ್ತಿ ಇಲ್ಲದೆ ನಿಲ್ಲುತ್ತೆ.

ಹಾಗಾದ್ರೆ ಎಷ್ಟು ನೀರು ಹೋಗಬೇಕು? ಮೊದಲ 18 ದಿನದಲ್ಲಿ ಮೊಟ್ಟೆ ತನ್ನ ತೂಕದಲ್ಲಿ ಶೇ. 11ರಿಂದ 14ರಷ್ಟು ಕಳ್ಕೋಬೇಕು. ಫ್ಯಾನ್ ಇರೋ ಮಷಿನ್‌ನಲ್ಲಿ 37.5 ಡಿಗ್ರಿ ಶಾಖಕ್ಕೆ ತೇವಾಂಶ ಶೇ. 45–55 ಇಡಿ ಅಂತ ಹೇಳೋದು ಇದೇ ಲೆಕ್ಕದ ಮೇಲೆ. ಆದರೆ ಆ 45–55 ಬರೀ ದಾರಿ, ತಲುಪಬೇಕಾದ ಊರು ತೂಕ. ಅದಕ್ಕೇ ನಾನು ಎಲ್ಲರಿಗೂ ಒಂದು ಗ್ರಾಂ ಲೆಕ್ಕದ ಸಣ್ಣ ತಕ್ಕಡಿ ಇಟ್ಕೊಳ್ಳಿ ಅಂತೀನಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು.

ಲೆಕ್ಕ ಸುಲಭ. 45 ಗ್ರಾಂನ 20 ನಾಟಿ ಮೊಟ್ಟೆ ಇಟ್ರೆ ಒಟ್ಟು 900 ಗ್ರಾಂ. ಶೇ. 12 ಅಂದ್ರೆ 108 ಗ್ರಾಂ. 18 ದಿನಕ್ಕೆ ಹಂಚಿದ್ರೆ ದಿನಕ್ಕೆ 6 ಗ್ರಾಂ. ಅಂದ್ರೆ 7ನೇ ದಿನ ತೂಗಿದಾಗ 42 ಗ್ರಾಂ ಆಸುಪಾಸು ಇಳಿದಿರಬೇಕು. 20–25 ಗ್ರಾಂ ಮಾತ್ರ ಇಳಿದಿದ್ರೆ ನೀರಿನ ತಟ್ಟೆ ಚಿಕ್ಕದು ಮಾಡಿ ಅಥವಾ ತೆಗೆದೇ ಬಿಡಿ. 60 ದಾಟಿದ್ರೆ ನೀರು ಹೆಚ್ಚಿಸಿ. ಒಂದೇ ದಿನದಲ್ಲಿ ಸರಿ ಮಾಡೋಕೆ ಹೋಗ್ಬೇಡಿ, ಇನ್ನೂ 11 ದಿನ ಕೈಯಲ್ಲಿದೆ. 14ನೇ ದಿನ ಮತ್ತೆ ತೂಗಿ. ಮೊದಲ ದಿನವೇ ಪ್ರತಿ ಮೊಟ್ಟೆ ಮೇಲೆ ಪೆನ್ಸಿಲ್‌ನಲ್ಲಿ ಅದರ ತೂಕ ಬರೀರಿ. ಮರಿ ಕಟ್ಟದ ಮೊಟ್ಟೆಗಳನ್ನ ಮಧ್ಯೆ ತೆಗೆದಾಗ ಒಟ್ಟು ಲೆಕ್ಕದಿಂದ ಅದರ ತೂಕ ಕಳೆಯೋಕೆ ಬೇಕಾಗುತ್ತೆ.

ಇನ್ನು ಊರಿನ ವಿಷಯ. ಗಾಳಿಯನ್ನ ಬಿಸಿ ಮಾಡಿದ್ರೆ ಅದರಲ್ಲಿರೋ ನೀರು ಅಷ್ಟೇ ಇದ್ರೂ ತೇವಾಂಶದ ಶೇಕಡಾ ಇಳಿಯುತ್ತೆ. ಮಳೆಗಾಲದಲ್ಲಿ ಕರಾವಳಿಯ ಮನೆಯೊಳಗೆ 25 ಡಿಗ್ರಿ, ಶೇ. 90 ತೇವಾಂಶ ಇದ್ರೆ, ಅದೇ ಗಾಳಿ ಮಷಿನ್‌ನಲ್ಲಿ 37.5 ಡಿಗ್ರಿಗೆ ಕಾದಾಗ ಶೇ. 44ರ ಹತ್ತಿರ ನಿಲ್ಲುತ್ತೆ. ಅಲ್ಲಿಗೆ ಹೆಚ್ಚುಕಮ್ಮಿ ನೀರೇ ಬೇಡ! ರಾಯಚೂರು ಕಡೆ ಮಾರ್ಚ್ ಮಧ್ಯಾಹ್ನ 35 ಡಿಗ್ರಿ, ಶೇ. 20 ಇದ್ರೆ ಮಷಿನ್ ಒಳಗೆ ಶೇ. 17ರ ಸುಮಾರು. ಅಲ್ಲಿ ಎರಡು ತಟ್ಟೆಯೂ ಸಾಲದೆ ಹೋಗಬಹುದು. ಬಯಲುಸೀಮೆಯವರು ಮೋಸ ಹೋಗೋದು ಡಿಸೆಂಬರ್‌ನಲ್ಲಿ. ಬೆಳಗ್ಗೆ ಮಂಜು ಬಿದ್ದು ಮೈಯೆಲ್ಲ ತಣ್ಣಗಾಗುತ್ತೆ, ತೇವ ಜಾಸ್ತಿ ಇದೆ ಅಂದ್ಕೋತೀವಿ. 16 ಡಿಗ್ರಿ, ಶೇ. 90 ಇರೋ ಆ ಗಾಳಿ ಮಷಿನ್ ಒಳಗೆ ಕಾದಾಗ ಶೇ. 25ಕ್ಕೆ ಇಳಿಯುತ್ತೆ. ಚಳಿಗಾಲ ಅಂದ್ರೆ ಮೊಟ್ಟೆ ಪಾಲಿಗೆ ಬೇಸಿಗೆಯಷ್ಟೇ ಒಣ ಕಾಲ.

ತೇವಾಂಶ ಹೆಚ್ಚಿಸೋಕೆ ತಟ್ಟೆಯ ಆಳ ಲೆಕ್ಕಕ್ಕೆ ಬರಲ್ಲ, ಅಗಲ ಮುಖ್ಯ. ಉದ್ದ ಲೋಟದಲ್ಲಿ ಒಂದು ಲೀಟರ್ ಇಟ್ಟರೂ ಅಷ್ಟೇ. ಅಗಲ ತಟ್ಟೆಯಲ್ಲಿ ಕಾಲು ಲೀಟರ್ ಅದಕ್ಕಿಂತ ಜಾಸ್ತಿ ಕೆಲಸ ಮಾಡುತ್ತೆ. ತಟ್ಟೆಯಲ್ಲಿ ಸ್ಪಂಜು ಅಥವಾ ಹಳೇ ಹತ್ತಿ ಬಟ್ಟೆ ನಿಲ್ಲಿಸಿದ್ರೆ ಇನ್ನೂ ಏರುತ್ತೆ. ಹಾಕೋ ನೀರು ಬೆಚ್ಚಗಿರಲಿ. ಗಾಳಿ ತೂತು ಮುಚ್ಚಿ ತೇವಾಂಶ ಏರಿಸೋ ಉಪಾಯವನ್ನ ಮಾತ್ರ ಯಾರು ಹೇಳಿದ್ರೂ ಕೇಳ್ಬೇಡಿ. ಕೊನೇ ದಿನಗಳಲ್ಲಿ ಮರಿಗಳಿಗೆ ಗಾಳಿ ಹೆಚ್ಚು ಬೇಕು, ಉಸಿರುಕಟ್ಟಿ ಸಾಯ್ತವೆ.

ಮೀಟರ್ ಬಗ್ಗೆ ಒಂದು ಮಾತು. ಕಡಿಮೆ ಬೆಲೆಯ ಡಿಜಿಟಲ್ ಮೀಟರ್‌ಗಳು ಹತ್ತು ಅಂಕ ಆಚೀಚೆ ತೋರಿಸಿದ್ದನ್ನ ನಾನೇ ನೋಡಿದ್ದೀನಿ. ಮನೇಲೇ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದ ಹಾಗೆ ಮುದ್ದೆಯಾಗುವಷ್ಟು ಮಾತ್ರ ನೀರು ಬೆರೆಸಿ. ಅದನ್ನ ಮೀಟರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಗ್ಗೆ 75 ತೋರಿಸಬೇಕು. 68 ತೋರಿಸಿದ್ರೆ ಅದು ಏಳು ಕಡಿಮೆ ಹೇಳೋ ಮೀಟರ್, ಅಷ್ಟನ್ನ ಸೇರಿಸಿ ಓದಿ.

18ನೇ ದಿನ ತಿರುಗಿಸೋದು ನಿಲ್ಲಿಸಿ, ತೇವಾಂಶ ಶೇ. 65–70ಕ್ಕೆ ಏರಿಸಿ, ಮುಚ್ಚಳ ಮುಚ್ಚಿಬಿಡಿ. ಹವ್ಯಾಸಿಗಳು ಇದಕ್ಕೆ "ಲಾಕ್‌ಡೌನ್" ಅಂತಾರೆ, ಕೊರೊನಾಕ್ಕೂ ಮುಂಚಿನಿಂದ! ಇಲ್ಲಿ ತೇವ ಬೇಕಾಗಿರೋದು ಬೇರೆ ಕಾರಣಕ್ಕೆ: ಮರಿ ಚಿಪ್ಪು ಒಡೆದ ಮೇಲೆ ಒಳಪೊರೆ ಮೆತ್ತಗಿರಬೇಕು. ಚಿಪ್ಪು ಬಿರುಕು ಬಿಟ್ಟಾಗ ಖುಷಿಯಿಂದ ಮುಚ್ಚಳ ತೆಗೆದ್ರೆ ಬಿಸಿ ಆವಿ ಒಮ್ಮೆಲೇ ಹೊರಗೆ ಹೋಗುತ್ತೆ, ಪೊರೆ ಒಣಗಿ ಮರಿಯನ್ನ ಬಿಗಿಯುತ್ತೆ. ನೀರು ಸೇರಿಸಬೇಕಾದ್ರೆ ಗಾಳಿ ತೂತಿನಿಂದ ಸಣ್ಣ ಪೈಪ್ ಇಳಿಸಿ ಹಾಕಿ. ಮೊದಲ ಬಿರುಕಿನಿಂದ ಮರಿ ಹೊರಬರೋಕೆ ಒಂದು ದಿನ ಹಿಡಿದ್ರೂ ಹೆದರ್ಬೇಡಿ. ಎರಡು ಮೂರು ಮರಿ ಬಂದ ಮೇಲೆ ಅವುಗಳ ಒದ್ದೆ ಮೈಯಿಂದಲೇ ಮೀಟರ್ 80 ತೋರಿಸಬಹುದು, ಅದಕ್ಕೇನೂ ಮಾಡೋದು ಬೇಡ.

ಬಂದ ಮರಿಗಳು ಮೈ ಒಣಗಿ ಉಬ್ಬೋ ತನಕ ಒಳಗೇ ಇರಲಿ. ಹೊಟ್ಟೆಯಲ್ಲಿ ಹಳದಿ ಭಂಡಾರ ಇರುತ್ತೆ, ಒಂದು ದಿನ ನೀರು-ಮೇವು ಇಲ್ಲದಿದ್ರೂ ತಡೀತವೆ. 23ನೇ ದಿನಕ್ಕೂ ಬರದ ಮೊಟ್ಟೆಗಳನ್ನ ತಿಪ್ಪೆಗೆ ಎಸೆಯೋ ಮುಂಚೆ ಒಡೆದು ನೋಡಿ, ಒಣಗಿದೆಯೋ ಊದಿದೆಯೋ ಅಂತ ತೂಕದ ಲೆಕ್ಕದ ಪಕ್ಕದಲ್ಲೇ ಬರೆದಿಡಿ. ತಟ್ಟೆ, ಸ್ಪಂಜು ಎರಡನ್ನೂ ಬಿಸಿನೀರು ಸೋಪಿನಲ್ಲಿ ತೊಳೆದು ಬಿಸಿಲಿಗಿಡಿ. ಸ್ಪಂಜು ವಾಸನೆ ಬಂದಿದ್ರೆ ಮುಂದಿನ ಸಲಕ್ಕೆ ಹೊಸದೇ ಹಾಕಿ.